ಗ್ಯಾಲರಿಯಲ್ಲಿ ಕೂತಿರುವ ಓಣಿ

ತಂಗೆವ್ವ, ಇವತ್ತು ರಾತ್ರಿ ಪುರಸೊತ್ತಾದಾಗ ನಿನ್ನ ಮೊಬೈಲಿನ ಗ್ಯಾಲರಿ ತೆರೆದು ಹಿಂದಕ್ಕೆ ಸರಿಸುತ್ತಾ ಹೋಗು. ಸೊಲ್ಲಾಪುರದ ಗಡ್ಡಾ ಜಾತ್ರೆಯಲ್ಲಿ ಗೆಳತಿಯರ ಜೊತೆ ತೆಗೆದ ಫೋಟೊ, ಅಕ್ಕನ ಮಗುವಿನ ತೊಟ್ಟಿಲು, ಕಾಲೇಜಿನ ನೋಟ್ಸು. ಅವುಗಳ ಸಂದಿಯಲ್ಲಿ ಪಕ್ಕದ ಮನೆಯ ಕಾಕೂನ ಆಧಾರ್ ಕಾರ್ಡಿನ ಎರಡೂ ಮಗ್ಗುಲು, ಮೂರನೇ ಸಾಲಿನ ಅಜ್ಜಿಯ ಪಾಸ್‌ಬುಕ್ಕಿನ ಮೊದಲ ಪುಟ, ಯಾರದೋ ಗಂಡನ ಮರಣದ ದಾಖಲೆ, ಇನ್ಯಾರದೋ ಮಗಳು ಶಾಲೆ ಬಿಟ್ಟ ದಾಖಲೆ. ಎಲ್ಲವೂ ಅವರವರ ಅರ್ಜಿ ತುಂಬಲೆಂದು ನೀನು ಬೆಳಕು ನೋಡಿ, ಅಕ್ಷರ ಮಸುಕಾಗದಂತೆ ತೆಗೆದವು. ಯಾರೂ ನಿನ್ನ ಮೇಲೆ ಸಂಶಯ ಪಟ್ಟಿಲ್ಲ, ಪಡುವುದೂ ಇಲ್ಲ. ಆದರೂ ಮೊದಲ ಮಾತು ಇದೇ: ಅರ್ಜಿ ಹೋದ ಕೂಡಲೇ ಅವನ್ನು ಅಳಿಸು. ಅಳಿಸಿದ ಮೇಲೂ ಅವು ಟ್ರ್ಯಾಶ್‌ನಲ್ಲಿ ಕೆಲವು ವಾರ ಕೂತಿರುತ್ತವೆ, ಅಲ್ಲಿಂದಲೂ ತೆಗೆ. ಗೂಗಲ್ ಫೋಟೋಸ್‌ಗೆ ತಾನಾಗಿ ಬ್ಯಾಕಪ್ ಆಗುತ್ತಿದ್ದರೆ ಅಲ್ಲೂ ಒಮ್ಮೆ ಕಣ್ಣಾಡಿಸು. ವಾಟ್ಸ್‌ಆ್ಯಪ್‌ನಲ್ಲಿ ನೆಟ್ ಸೆಂಟರಿನವನಿಗೆ ಕಳಿಸಿದ್ದರೆ, ಅವನಿಗೂ ಅಳಿಸಲು ಹೇಳು. ಅವನು ನಗಬಹುದು, ನಗಲಿ.

ನೀನು ಮಾಡುತ್ತಿರುವುದು ಸಣ್ಣ ಕೆಲಸವಲ್ಲ. ಸೊಲ್ಲಾಪುರದ ಪಕ್ಕದ ನಮ್ಮ ಕುಂಭಾರಿಯ ಶಿವಾರದಲ್ಲಿ ಮೊದಲು ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆಂದು ಗೋದುತಾಯಿ ಪರುಳೇಕರ್ ಹೆಸರಿನಲ್ಲಿ 10,000 ಮನೆಗಳು ಎದ್ದವು. ಆಮೇಲೆ ಬಂದದ್ದು ರಾಯನಗರ, 30,000 ಮನೆಗಳ ಯೋಜನೆ. ಅದರಲ್ಲಿ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿಯೇ ಬಂದು ಹಸ್ತಾಂತರಿಸಿದರು. ಬೀಡಿಯವರು, ಮಗ್ಗದವರು, ಹೊಲಿಗೆಯವರು, ಚಿಂದಿ ಆಯುವವರು, ಗಾಡಿ ಹೊಡೆಯುವವರು. ಇಷ್ಟು ಬಡವರಿಗೆ ಮನೆ ಎಂದರೆ ಇಷ್ಟು ಬಡವರ ಕಾಗದ. ಮನೆಯಲ್ಲಿ ಕನ್ನಡ, ಬೀಡಿ ಕಾರಖಾನೆಯಲ್ಲಿ ತೆಲುಗು, ಕಚೇರಿಯಲ್ಲಿ ಮರಾಠಿ, ಮೊಬೈಲಿನ ಪರದೆಯ ಮೇಲೆ ಇಂಗ್ಲಿಷು. ಇಂಥ ಊರಲ್ಲಿ ಓದು ಬಲ್ಲ ಹುಡುಗಿ ಒಬ್ಬಳಿದ್ದರೆ ಅವಳೇ ಇಡೀ ಓಣಿಯ ಕಾರಕೂನಳು.

2025ರ ಸೆಪ್ಟೆಂಬರಿನಲ್ಲಿ ಲಾಡಕಿ ಬಹಿಣ್ ಯೋಜನೆಗೆ ಇ-ಕೆವೈಸಿ ಕಡ್ಡಾಯ ಎಂದರಲ್ಲ, ಆಗ ಎಲ್ಲರೂ ನಿನ್ನ ಬಾಗಿಲಿಗೇ ಬಂದಿದ್ದರು. ಹೆಣ್ಣುಮಕ್ಕಳಿಗೆ ಅದರಲ್ಲಿ ತಿಂಗಳಿಗೆ 1,500 ರೂಪಾಯಿ. ತಪ್ಪಿದರೆ ಅಕ್ಕಿ, ಎಣ್ಣೆ, ಮಾತ್ರೆಗೆ ಕುತ್ತು. ತನ್ನ ಆಧಾರ್ ಅಷ್ಟೇ ಸಾಲದು, ಗಂಡನದೋ ತಂದೆಯದೋ ಬೇಕು ಎಂದರು. ಇಬ್ಬರೂ ಇಲ್ಲದವರು ತಲೆಯ ಮೇಲೆ ಕೈ ಹೊತ್ತು ಕೂತರು. ಅದೇ ಹೊತ್ತಿಗೆ ಸರ್ಕಾರದ ತಾಣದಂತೆಯೇ ಕಾಣುವ ನಕಲಿ ತಾಣಗಳು ಹುಟ್ಟಿಕೊಂಡವು. ಎಚ್ಚರದಿಂದಿರಿ ಎಂದು ಸಚಿವೆಯೇ ಹೇಳಬೇಕಾಯಿತು. ಸರ್ಕಾರದ ತಾಣದ ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕು ಒತ್ತಬೇಡ, ವಿಳಾಸ ನೀನೇ ಬೆರಳಿಂದ ಟೈಪು ಮಾಡು. ಓಟಿಪಿ ಬಂದಾಗ ಅದರ ಮೇಲಿನ ಸಾಲನ್ನು ಮುಂದೆ ಕೂತ ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳು, ಇದು ಯಾತಕ್ಕೆ ಬಂದ ನಂಬರು ಎಂದು. "ಬಂತೇನವ್ವಾ ನಂಬರ, ಹೇಳು" ಅಂತ ಅವಸರ ಮಾಡಿದರೆ, ನಾಳೆ ಕಳ್ಳ ಕೇಳಿದರೂ ಅವಳು ಹಾಗೇ ಹೇಳಿಬಿಡುತ್ತಾಳೆ. ಓಟಿಪಿ ಕೊಡುವುದನ್ನು ನಾವೇ ಅವರಿಗೆ ರೂಢಿ ಮಾಡಿಸಿದ್ದೇವೆ.

"ನಮ್ಮ ಹತ್ರ ಮುಚ್ಚಿಡೂದೇನದ ಅಜ್ಜಾ, ಕದಿಯಾಕ ಬಂದವನೇ ಏನಾರ ಇಟ್ಟು ಹೋಗಬೇಕು" ಎಂದು ಓಣಿಯಲ್ಲಿ ನಗುತ್ತಾರೆ. ನಗುವವರಲ್ಲೇ ಒಬ್ಬಳು ಕುಡುಕ ಗಂಡನ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬಿಯ ತಳದಲ್ಲಿ ಹಣ ಇಟ್ಟಿರುತ್ತಾಳೆ. ಈಗ ಆ ಡಬ್ಬಿ ಬ್ಯಾಂಕಿಗೆ ಹೋಗಿದೆ. ಅವಳ ಖಾತೆಯಲ್ಲಿ ಎಷ್ಟಿದೆ ಎಂದು ಅವಳ ಫಾರ್ಮು ತುಂಬಿದ ನಿನಗೂ ಗೊತ್ತು. ನಿನ್ನ ಬಾಯಿಂದ ಅದು ಅವಳ ಗಂಡನ ಕಿವಿಗೆ ಬೀಳಬಾರದು, ನಿಮ್ಮವ್ವನ ಕಿವಿಗೂ ಬೀಳಬಾರದು. ಖಾಸಗಿತನ ಎಂಬ ದೊಡ್ಡ ಶಬ್ದ ಬಂಗಲೆಯವರದು ಎಂದುಕೊಂಡವರಿಗೆ ಆ ಡಬ್ಬಿಯ ಸಂಗತಿ ಗೊತ್ತಿಲ್ಲ.

ಹಳೆಯದೊಂದು ಹೇಳಬೇಕು. ಸೊಲ್ಲಾಪುರದ ಸೆಟಲ್‌ಮೆಂಟ್ ಭಾಗ ನೀನು ನೋಡಿದ್ದೀ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು, 1911ರಲ್ಲಿ ಅದನ್ನು ಬಿಗಿಮಾಡಿ ನಮ್ಮ ಕಡೆಗೂ ಹಬ್ಬಿಸಿದರು. ಕೈಕಾಡಿ, ಪಾರಧಿ, ಟಕಾರಿ, ಇಂಥ ಜಾತಿಯಲ್ಲಿ ಹುಟ್ಟಿದರೆ ಸಾಕು. ಕಳವು ಮಾಡಿರಲಿ ಬಿಡಲಿ, ಸರ್ಕಾರದ ವಹಿಯಲ್ಲಿ ಹೆಸರು. ಬೇಕೆಂದಾಗ ಬೆರಳಚ್ಚು ತೆಗೆದುಕೊಳ್ಳುವ ಅಧಿಕಾರ ಆ ಕಾಯ್ದೆಯಲ್ಲೇ ಇತ್ತು. ತಂತಿ ಬೇಲಿಯೊಳಗೆ ವಾಸ. ಗಿರಣಿಯಲ್ಲಿ ದುಡಿದು ಬಂದವನೂ ಹಾಜರಿ ಕೊಡಬೇಕು, ಬೀಗರ ಊರಿಗೆ ಹೋಗಲು ಪಾಸು ಬೇಕು. ಇದನ್ನು ನಡೆಸಿದವರು ರಾಕ್ಷಸರೇನಲ್ಲ. ಇವರನ್ನು ಸುಧಾರಿಸುತ್ತಿದ್ದೇವೆ, ಮಕ್ಕಳಿಗೆ ಶಾಲೆ ಕೊಡುತ್ತಿದ್ದೇವೆ ಎಂದೇ ನಂಬಿದ್ದರು. ಕಾಯ್ದೆ ದೇಶದಿಂದ ಪೂರ್ತಿ ತೊಲಗಿದ್ದು 1952ರ ಆಗಸ್ಟ್ 31ರಂದು. ಆ ವಸತಿಗೆ ಇವತ್ತೂ ಸೆಟಲ್‌ಮೆಂಟ್ ಫ್ರೀ ಕಾಲೊನಿ ಎಂದೇ ಹೆಸರು. ಬೇಲಿ ಹೋಗಿ ತಲೆಮಾರುಗಳು ಕಳೆದರೂ ಎಲ್ಲೋ ಕಳವಾದರೆ ಮೊದಲು ಪಾರಧಿ ಹುಡುಗರನ್ನು ಎಳೆದೊಯ್ಯುವ ಚಾಳಿ ಹೋಗಲಿಲ್ಲ. ಒಬ್ಬರ ಬಗ್ಗೆ ಬರೆದಿಟ್ಟದ್ದು, ಬರೆದ ಕಾರಣ ಸತ್ತ ಮೇಲೂ ಬದುಕಿರುತ್ತದೆ. ನನ್ನ ಹೆದರಿಕೆಯೆಲ್ಲ ಇಷ್ಟೇ. ಆಗ ವಹಿ ಒಂದು ಚೌಕಿಯಲ್ಲಿತ್ತು, ಈಗ ಯಾವ ದೇಶದ ಯಾವ ಕಂಪ್ಯೂಟರಿನಲ್ಲಿದೆ ಎಂದು ಕೇಳಿದರೂ ಹೇಳುವವರಿಲ್ಲ.

ಗುರುತು ಕೇಳಲು ಈಗ ಹೊಸದೊಂದು ಕಾರಣವೂ ಹುಟ್ಟಿದೆ, ವಯಸ್ಸು. ನಿನ್ನ ತಮ್ಮನಿಗೆ ಹದಿಮೂರು. ಆಟದ ಆ್ಯಪೊಂದು ಹುಟ್ಟಿದ ತಾರೀಖು ಕೇಳಿದರೆ ಅವನು ಕಣ್ಣು ಮಿಟುಕಿಸದೆ 1995 ಎಂದು ಒತ್ತುತ್ತಾನೆ. ಅವನೊಬ್ಬನೇ ಅಲ್ಲ, ಇಡೀ ಜಗತ್ತಿನ ಮಕ್ಕಳು ಹಾಗೇ ಒತ್ತುತ್ತಾರೆ. ಅದಕ್ಕೇ ಸರ್ಕಾರಗಳಿಗೆ ಈಗ ಬಾಯಿಮಾತು ಸಾಲುತ್ತಿಲ್ಲ. ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ತಾಣಗಳಂಥವು ಗುರುತುಪತ್ರ, ಮುಖ ಇಂಥದ್ದನ್ನು ನೋಡಿ ವಯಸ್ಸು ಖಾತ್ರಿ ಮಾಡಿಕೊಳ್ಳಬೇಕು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ದೊಡ್ಡ ಸೋಷಿಯಲ್ ಮೀಡಿಯಾಗಳಲ್ಲಿ ಖಾತೆಯೇ ಇಲ್ಲ. ನಮ್ಮಲ್ಲೂ ಮಾತು ಹೊಸದಲ್ಲ. 2023ರ ಸೆಪ್ಟೆಂಬರಿನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ಕೇಳುತ್ತಾ ಕರ್ನಾಟಕ ಹೈಕೋರ್ಟಿನ ಪೀಠ, ಮದ್ಯಕ್ಕೆ 21 ಇರುವಂತೆ ಸೋಷಿಯಲ್ ಮೀಡಿಯಾಕ್ಕೂ ಒಂದು ವಯಸ್ಸಿನ ಗಡಿ ಇದ್ದರೆ ಒಳ್ಳೆಯದು ಎಂದು ಬಾಯಿಮಾತಿನಲ್ಲಿ ಹೇಳಿತ್ತು.

ಮಕ್ಕಳನ್ನು ಕಾಯಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಪರದೆಯಲ್ಲಿ ಏನೇನು ಬರುತ್ತದೆ ಎಂದು ನನಗೂ ಗೊತ್ತು. ಆದರೆ ಒಬ್ಬ ಹುಡುಗನನ್ನು ಬಾಗಿಲಲ್ಲಿ ತಡೆಯಬೇಕಾದರೆ ಒಳಗೆ ಹೋಗುವ ಎಲ್ಲರ ಗುರುತುಪತ್ರವನ್ನೂ ಕೇಳಬೇಕಾಗುತ್ತದೆ, ಅಲ್ಲವೇ? ಕೇಳಿದ್ದನ್ನು ಎಲ್ಲೋ ಇಡಬೇಕಾಗುತ್ತದೆ. 2025ರ ಅಕ್ಟೋಬರಿನಲ್ಲಿ ಹರಟೆ ಆ್ಯಪ್ ನಡೆಸುವ ಡಿಸ್ಕಾರ್ಡ್ ಕಂಪನಿ ಹೇಳಿಕೊಂಡಿತು: ತಾನು ಕೆಲಸ ವಹಿಸಿದ್ದ ಹೊರಗಿನವರ ಕಡೆಯಿಂದ ಸುಮಾರು 70,000 ಜನರ ಗುರುತುಪತ್ರದ ಚಿತ್ರಗಳು ಕಳ್ಳರ ಕೈ ಸೇರಿರಬಹುದು ಎಂದು. ಯಾತಕ್ಕೆ ಕೊಟ್ಟಿದ್ದರು ಗೊತ್ತೇ? ತಮ್ಮ ವಯಸ್ಸು ಇಷ್ಟು ಎಂದು ಸಾಬೀತು ಮಾಡಲು. ಇತ್ತ ಬ್ರಿಟನ್ನಿನ ಪೋರರು ವಿಡಿಯೋ ಗೇಮಿನ ಪಾತ್ರದ ಮುಖವನ್ನು ಕ್ಯಾಮರಾಕ್ಕೆ ಹಿಡಿದು ವಯಸ್ಸಿನ ಪರೀಕ್ಷೆಯನ್ನೇ ದಾಟಿದರು. ಪತ್ರ ಕೊಟ್ಟ ಪ್ರಾಮಾಣಿಕರು ಸಿಕ್ಕಿಬಿದ್ದರು, ಪೋರರು ದಾಟಿದರು. ಹುಟ್ಟಿದ ತಾರೀಖು, ಹೆಸರು ಏನನ್ನೂ ಹೇಳದೆ, 18 ದಾಟಿದೆ ಎಂದಷ್ಟೇ ತೋರಿಸುವ ಆ್ಯಪಿನ ಮಾದರಿಯೊಂದನ್ನು ಯುರೋಪಿನ ಒಕ್ಕೂಟ 2025ರ ಜುಲೈಯಲ್ಲಿ ಹೊರತಂದಿದೆ. ಮಾಡಲೇಬೇಕು ಎಂದರೆ ಆ ದಾರಿ ವಾಸಿ.

ನಮ್ಮ ದೇಶದ ದಾರಿ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಮುಟ್ಟಬೇಕಾದರೆ ತಂದೆ ತಾಯಿಯ ಒಪ್ಪಿಗೆ ಬೇಕು, ಆ ಒಪ್ಪಿಗೆ ಖಾತ್ರಿ ಮಾಡಿಕೊಳ್ಳುವಂಥದ್ದಾಗಿರಬೇಕು. ಮಕ್ಕಳ ಬೆನ್ನು ಹತ್ತಿ ಅವರ ನಡವಳಿಕೆ ಗಮನಿಸುವಂತಿಲ್ಲ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕಲಮುಗಳಿಗೆ ಅಲ್ಲಿಂದ 18 ತಿಂಗಳ ಗಡುವು ಇದೆ. ಕಾಗದದ ಮೇಲೆ ಚೆಂದ. ಆದರೆ ಇದನ್ನು ಬರೆದವರು ನಿಮ್ಮ ಮನೆಗೆ ಒಮ್ಮೆ ಬರಬೇಕಿತ್ತು. ನಿಮ್ಮವ್ವ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಎಲೆ ಕತ್ತರಿಸುತ್ತಿರುತ್ತಾಳೆ. ಫೋನು ಅವಳದು, ಆದರೆ ಇರುವುದು ನಿನ್ನ ತಮ್ಮನ ಕೈಯಲ್ಲಿ. ಓಟಿಪಿ ಬಂದರೆ ಓದುವವನು ಅವನು. ಒಪ್ಪಿಗೆ ಕೇಳಿದರೆ ಅವ್ವನ ಹೆಸರಲ್ಲಿ ಹೂಂ ಅನ್ನುವವನೂ ಅವನೇ. ತಾಯಿಯ ಒಪ್ಪಿಗೆ ಎಂದು ಕಂಪನಿಯ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ, ಮಗ ಬೆರಳು ಒತ್ತಿರುತ್ತಾನೆ!

ಹಾಗಾಗಿ ಆ ಕಾಯ್ದೆ ಪೂರ್ತಿ ಜಾರಿಗೆ ಬರುವವರೆಗೂ, ಬಂದ ಮೇಲೂ, ಈ ಕೆಲಸ ನಿನ್ನದೇ. ನಿಮ್ಮವ್ವನಿಗೆ ಅವಳ ಫೋನಿನ ಲಾಕು ಅವಳೇ ತೆರೆಯುವಂತೆ ಕಲಿಸು. ನಾಲ್ಕು ಅಂಕಿ, ಅಷ್ಟೇ. ಬೀಡಿಯ ಕಟ್ಟುಗಳನ್ನು ಬಾಯಲ್ಲೇ ಲೆಕ್ಕ ಹಾಕಿ ಕಾರಖಾನೆಯವನ ತಪ್ಪು ಹಿಡಿಯುವವಳಿಗೆ ಅದು ಯಾವ ಲೆಕ್ಕ? ತಮ್ಮನಿಗೆ ಬೈಯಬೇಡ, ಫೋನು ಕಿತ್ತುಕೊಳ್ಳಲೂ ಬೇಡ. ಕಿತ್ತುಕೊಂಡರೆ ಗೆಳೆಯನ ಫೋನಿನಲ್ಲಿ ನೋಡುತ್ತಾನೆ, ಆಗ ನಿನಗೆ ಗೊತ್ತೂ ಆಗುವುದಿಲ್ಲ. ಏನು ನೋಡುತ್ತಾನೆಂದು ಪಕ್ಕದಲ್ಲಿ ಕೂತು ಕೇಳು. ಅವನಿಗೆ ಒಂದೇ ಒಂದು ಮಾತು ಗಟ್ಟಿಮಾಡಿಸು: ಯಾವ ಆಟ, ಯಾವ ರೀಲ್ಸು ಕೇಳಿದರೂ ಅವ್ವನ ಆಧಾರ್ ಫೋಟೊ ಹಾಕಬಾರದು, ಯಾರ ಮುಖವನ್ನೂ ತೋರಿಸಬಾರದು. ಆಟ ಸಿಗದಿದ್ದರೆ ಬಿಟ್ಟುಬಿಡಲಿ.

ಮನೆಯ ವಿಚಾರ ಬಂದದ್ದರಿಂದ ಇನ್ನೊಂದು. ನಿನ್ನ ಫೋನಿನ ಪಾಸ್‌ವರ್ಡು ಅಣ್ಣನಿಗೆ ಗೊತ್ತಿರಬೇಕು, ನೀ ಎಲ್ಲಿದ್ದೀ ಎಂದು ಲೊಕೇಶನ್ ಸದಾ ಕಾಣುತ್ತಿರಬೇಕು ಎಂದು ನಿಮ್ಮ ಮನೆಯಲ್ಲಿ ಜಗಳವಾಯಿತಂತೆ. ಸೊಲ್ಲಾಪುರದಿಂದ ಸಂಜೆ ಬಸ್ಸು ತಪ್ಪಿದ ದಿನ ಲೊಕೇಶನ್ ಕಳಿಸು, ತಪ್ಪೇನಿಲ್ಲ, ಹೆತ್ತವರಿಗೆ ಜೀವ ತಣ್ಣಗಾಗುತ್ತದೆ. ದಿನದ ಇಪ್ಪತ್ತನಾಲ್ಕು ತಾಸೂ ಕಾಣಬೇಕೆಂದರೆ ಅದು ಹಾಜರಿ. ಈ ಮಾತು ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ. ಅಣ್ಣನ ಫೋನಿನ ಪಾಸ್‌ವರ್ಡು ಯಾರಿಗೆ ಗೊತ್ತಿದೆ ಎಂದೂ ಕೇಳುತ್ತೇನೆ.

ಇನ್ನು ಕಚೇರಿಯವರ ಮುಂದೆ ಹೇಗಿರಬೇಕು ಎಂಬುದು. ಅದಕ್ಕೆ ಮೊದಲು ಆಧಾರಿನ ಕಥೆ ತಿಳಿದಿರಲಿ. ಆಧಾರ್ ಮೊದಲು ಕೊಟ್ಟದ್ದು ನಮ್ಮ ಮಹಾರಾಷ್ಟ್ರದಲ್ಲೇ, ನಂದುರಬಾರ ಜಿಲ್ಲೆಯ ಟೆಂಭಲಿಯಲ್ಲಿ, 2010ರ ಸೆಪ್ಟೆಂಬರ್ 29ರಂದು. ಎರಡು ವರ್ಷಕ್ಕೆ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕನ್ನಡದ ಅಜ್ಜ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86. ಆ ವಯಸ್ಸಿನಲ್ಲಿ ಮಂದಿ ಕೋಲು ಹುಡುಕುತ್ತಾರೆ, ಇವರು ಕೋರ್ಟು ಹುಡುಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಮರುವರ್ಷದ ಸೆಪ್ಟೆಂಬರಿನಲ್ಲಿ ಆಧಾರ್ ತೀರ್ಪು ಬಂತು: ಸರ್ಕಾರದ ಸವಲತ್ತಿಗೆ ಕೇಳಬಹುದು, ಬ್ಯಾಂಕ್ ಖಾತೆಗೆ ಸಿಮ್ಮಿಗೆ ಕಡ್ಡಾಯ ಮಾಡುವಂತಿಲ್ಲ, ಖಾಸಗಿ ಕಂಪನಿಗಳು ಬೇಕಾಬಿಟ್ಟಿ ಕೇಳುವಂತಿಲ್ಲ. 2019ರಲ್ಲಿ ತಿದ್ದುಪಡಿ ಬಂದು, ನೀನಾಗಿ ಕೊಟ್ಟರೆ ತೆಗೆದುಕೊಳ್ಳಬಹುದು ಎಂದಾಯಿತು. ಕೌಂಟರಿನ ಮುಂದೆ ನಿಂತವನಿಗೆ ತಾನಾಗಿ ಕೊಡುವುದಕ್ಕೂ ಕೊಡದೆ ಗತಿಯಿಲ್ಲದ್ದಕ್ಕೂ ಏನು ವ್ಯತ್ಯಾಸ ಕಾಣುತ್ತದೆ ಎಂಬುದು ಬೇರೆ ಮಾತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು, 98 ಆಗಿತ್ತು.

ಆಗಲೇ ಹೇಳಿದ 2023ರ ದತ್ತಾಂಶ ಕಾಯ್ದೆಯಲ್ಲಿ ನಮ್ಮಂಥ ಗಡಿಯವರಿಗೆ ಒಂದು ಸಣ್ಣ ಲಾಭವಿದೆ, ಯಾರೂ ಹೇಳುವುದಿಲ್ಲ. ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಅದರಲ್ಲಿದೆ. ಅಂದರೆ ಗಡುವು ಮುಗಿದ ಮೇಲೆ ಸೊಲ್ಲಾಪುರದ ಅಂಗಡಿಯವನ ಆ್ಯಪ್ ಆದರೂ ಅಕ್ಕಲಕೋಟೆಯ ಅಜ್ಜಿಗೆ ಕನ್ನಡದಲ್ಲಿ ತೋರಿಸಬೇಕು. ಶಾಲೆಯ ಕನ್ನಡ ಪುಸ್ತಕಕ್ಕೇ ಕಾಯುವ ನಮಗೆ ಇದು ತಕ್ಷಣ ಸಿಗುತ್ತದೆ ಎಂದು ನಾನು ನಂಬಿಲ್ಲ, ಆದರೆ ಕೇಳುವ ಹಕ್ಕಿದೆ. ಕೊಟ್ಟ ಒಪ್ಪಿಗೆ ವಾಪಸು ಪಡೆಯುವ ಹಕ್ಕೂ ಇದೆ. ಸರ್ಕಾರ ಮಾತ್ರ ತನ್ನ ಅಂಗಗಳಿಗೆ ದೊಡ್ಡ ವಿನಾಯಿತಿ ಇಟ್ಟುಕೊಂಡಿದೆ, ಅದನ್ನೂ ಮರೆಯಬೇಡ.

ಕೇಳುವುದೆಂದರೆ ಜಗಳವಾಡುವುದೆಂದು ತಿಳಿಯಬೇಡ. ಕಾಗದ ಕೇಳಿದವರಿಗೆ ಸಮಾಧಾನದಿಂದ, ಅವರ ಭಾಷೆಯಲ್ಲೇ, "ಹೇ ಕಶಾಲಾ ಪಾಹಿಜೆ, ಸಾಹೇಬ?" ಅನ್ನು. ಯಾತಕ್ಕೆ ಬೇಕು ಎಂದು ಕೇಳಿದರೆ ಅರ್ಧ ಜನ ಬೇಡ ಬಿಡಿ ಎನ್ನುತ್ತಾರೆ, ಯಾಕೆಂದರೆ ಅವರಿಗೂ ಗೊತ್ತಿರುವುದಿಲ್ಲ. ಬೇಕೇಬೇಕೆಂದರೆ ಮರೆಮಾಡಿದ ಆಧಾರ್ ಕೊಡು, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಹೇಳಿತ್ತು: ಜೆರಾಕ್ಸು ಎಲ್ಲರಿಗೂ ಕೊಡಬೇಡಿ, ಮರೆಮಾಡಿದ್ದು ಕೊಡಿ, ನೆಟ್ ಸೆಂಟರಿನ ಕಂಪ್ಯೂಟರಿನಲ್ಲಿ ಇಳಿಸಿಕೊಂಡರೆ ಅಳಿಸಿ ಬನ್ನಿ. ಜನ ಗಾಬರಿಯಾದರು, ಎರಡೇ ದಿನಕ್ಕೆ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಪ್ರಕಟಣೆ ಹೋಯಿತು, ಬುದ್ಧಿ ಮಾತು ಕೆಟ್ಟದೇನಾಗಿರಲಿಲ್ಲ. ಇಳಿಸಿಕೊಂಡ ಇ-ಆಧಾರಿನ ಪಾಸ್‌ವರ್ಡು ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ. ಓಣಿಯಲ್ಲಿ ಯಾರ ಹೆಸರು ಯಾರಿಗೆ ಗೊತ್ತಿಲ್ಲ?

ಬೇಡ ಎಂದರೆ ಏನಾಗುತ್ತದೆ ಎಂದು ಕೇಳುತ್ತೀ. ಎಲ್ಲರೂ ಒಟ್ಟಿಗೆ ಬೇಡ ಎಂದರೆ ಆಗುತ್ತದೆ. 2025ರ ನವೆಂಬರ್ ಕೊನೆಗೆ ದೂರಸಂಪರ್ಕ ಇಲಾಖೆ ಪ್ರತಿ ಹೊಸ ಫೋನಿನಲ್ಲೂ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕು ಎಂದು ಕಂಪನಿಗಳಿಗೆ ಆದೇಶ ಮಾಡಿತ್ತು. ಸುದ್ದಿ ಹೊರಬಿದ್ದು ನಾಲ್ಕು ಕಡೆಯಿಂದ ವಿರೋಧ ಬಂತು, ಡಿಸೆಂಬರ್ 3ರಂದು ಆದೇಶ ವಾಪಸಾಯಿತು. ಅದರ ತಾಣ ಮಾತ್ರ ಉಪಯೋಗದ್ದೇ. ನಿನ್ನ ಹೆಸರಲ್ಲಿ ಎಷ್ಟು ಸಿಮ್ಮುಗಳಿವೆ ಎಂದು ಅಲ್ಲಿ ನೋಡಬಹುದು, ಓಣಿಯವರಿಗೂ ನೋಡಿಕೊಡು.

ಆನ್‌ಲೈನ್ ಮೋಸದಲ್ಲಿ ಯಾರದಾದರೂ ದುಡ್ಡು ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನು ಮಾಡಿಸು. ಸೊಲ್ಲಾಪುರದವರಿಗೆ ಈ ಸಂಖ್ಯೆ ನೆನಪಿಡಲು ಕಷ್ಟವಿಲ್ಲ. ಈ ಊರಿಗೆ ಮಾರ್ಷಲ್ ಲಾ ಬಂದು, ಮಲ್ಲಪ್ಪ ಧನಶೆಟ್ಟಿ ಮತ್ತು ಜೊತೆಯ ಮೂವರನ್ನು ಗಲ್ಲಿಗೆ ಕಳಿಸಿದ ಖಟ್ಲೆಗೆ ಕಾರಣವಾದ ವರ್ಷ ಅದೇ. ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಎಂದು ಹೆದರಿಸುವವರ ಬಗ್ಗೆ ಓಣಿಗೆಲ್ಲ ಹೇಳು. ಪಕ್ಕದ ವಿಜಯಪುರದ ಒಬ್ಬರು ಹೆದರದೆ ಅಂಥ ಕರೆಯನ್ನು ರೆಕಾರ್ಡ್ ಮಾಡಿದರು, 2024ರ ಅಕ್ಟೋಬರಿನ ಮನ್ ಕೀ ಬಾತ್‌ನಲ್ಲಿ ದೇಶವೆಲ್ಲ ಅದನ್ನು ಕೇಳಿತು.

ಓಟಿಪಿ ಕೊಡದಿದ್ದರೆ ಸಾಕು ಎಂದುಕೊಂಡವರಿಗೆ ಹೆಬ್ಬೆಟ್ಟಿನ ಮೋಸ ಗೊತ್ತಿಲ್ಲ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರನ ಯಂತ್ರಕ್ಕೆ ಆಧಾರ್ ನಂಬರು, ಬ್ಯಾಂಕಿನ ಹೆಸರು, ಹೆಬ್ಬೆಟ್ಟು ಇಷ್ಟಿದ್ದರೆ ಹಣ ಬರುತ್ತದೆ, ಓಟಿಪಿ ಕೇಳುವುದೇ ಇಲ್ಲ. 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಯಿಂದ ಹಾಗೆ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ಮೇಲೆ ಗುಮಾನಿ ಬಂತು. ಪಿನ್ನು ಕದ್ದರೆ ಬದಲಿಸಬಹುದು, ಹೆಬ್ಬೆಟ್ಟು ಬದಲಿಸುವುದು ಹೇಗೆ?

ಅದಕ್ಕೆ ಬಯೋಮೆಟ್ರಿಕ್ ಲಾಕ್ ಎಂಬುದಿದೆ. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲೋ ತಾಣದಲ್ಲೋ ಹಾಕಬಹುದು, ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ಚಾಲ್ತಿಯಲ್ಲಿರಬೇಕು. ಹಾಕಿದ ಮೇಲೆ ಬೆರಳು, ಕಣ್ಣು, ಮುಖ ಯಾವುದರಿಂದಲೂ ಗುರುತು ನಡೆಯುವುದಿಲ್ಲ. ಓಟಿಪಿಯ ಕೆಲಸಗಳು ಎಂದಿನಂತೆ ನಡೆಯುತ್ತವೆ. ನಿಮ್ಮವ್ವನಿಗೆ ಮೊದಲು ಹಾಕಿಕೊಡು. ಆದರೆ ರೇಷನ್ ಅಂಗಡಿಯ ದಿನ ನೆನಪಿಡು. ವರ್ಷಗಟ್ಟಲೆ ಎಲೆ ಸುರುಳಿ ಸುತ್ತಿ ಅವಳ ಹೆಬ್ಬೆಟ್ಟಿನ ಗೆರೆಗಳು ಮೊದಲೇ ಸವೆದಿವೆ. ಸೆರಗಿಗೆ ಒರೆಸಿ ಒತ್ತುತ್ತಾಳೆ, ಅಂಗಡಿಯವನು "ಪರತ್ ಲಾವಾ" ಅನ್ನುತ್ತಾನೆ, ಮತ್ತೆ ಒರೆಸಿ ಒತ್ತುತ್ತಾಳೆ, ಹಿಂದೆ ನಿಂತವರು ಗೊಣಗುತ್ತಾರೆ. ಲಾಕು ತೆಗೆಯದೆ ಹೋದರೆ ಯಂತ್ರದಲ್ಲಿ 330 ಎಂಬ ಅಂಕಿ ಬರುತ್ತದೆ, ಅಂಗಡಿಯವನಿಗೆ ಅದೇನೆಂದು ತಿಳಿಯುವುದಿಲ್ಲ, ಬೆರಳೇ ಸವೆದಿದೆ ಎಂದು ಅವಳನ್ನು ವಾಪಸು ಕಳಿಸುತ್ತಾನೆ. ತಾತ್ಕಾಲಿಕವಾಗಿ ತೆಗೆದರೆ ಹತ್ತು ನಿಮಿಷ ತೆರೆದಿದ್ದು ತಾನೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಮನೆಯಲ್ಲಿ ತೆಗೆದು ಕಳಿಸಬೇಡ. ಸರತಿಯಲ್ಲಿ ಅವಳ ಮುಂದೆ ಇನ್ನೊಬ್ಬರೋ ಇಬ್ಬರೋ ಉಳಿದಾಗ ತೆಗೆ. ಮುಂದಿನ ತಿಂಗಳಿಂದ ಅದನ್ನು ಅವಳೇ ಮಾಡಲಿ, ನೀನು ಪಕ್ಕದಲ್ಲಿ ನಿಂತು ನೋಡು.